ಬಿಂಬ್ಲಿ ಹುಳಿ, ಮೂರು ನೀರು

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ಗಾಳಿಯಲ್ಲಿರುವ ಆಮ್ಲಜನಕವೂ ನೀರಿನ ತೇವವೂ ಒಟ್ಟಿಗೆ ಸೇರಬೇಕು. ಆ ತೇವದಲ್ಲಿ ಉಪ್ಪು ಬೆರೆತರೆ ವಿದ್ಯುತ್ ಕಣಗಳ ಓಡಾಟ ಸುಲಭವಾಗಿ, ವರ್ಷಗಳಲ್ಲಿ ಆಗುವ ಹಾನಿ ತಿಂಗಳುಗಳಲ್ಲಿ ಆಗಿಬಿಡುತ್ತದೆ. ದಕ್ಷಿಣ ಗೋವೆಯ ಮಡಗಾಂವಿನಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಕೋಲ್ವಾದ ಕಡಲ ದಂಡೆ ಪಟ್ಟಣದಿಂದ ಆರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇದಕ್ಕೆ ಹೋಲಿಸಿದರೆ ಘಟ್ಟದ ಮೇಲಿನ ಗದಗ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಸುತ್ತಮುತ್ತ. ಅಲ್ಲಿನ ಕರಿ ಮಣ್ಣಿನಲ್ಲಿ ತಿಕ್ಕಿಸಿಕೊಂಡು ಹೊಳೆಯುವ ರಂಟೆಯ ಕುಳ, ಕುಂಟೆಯ ಕುಡ ಬೇಸಿಗೆಯಿಡೀ ಗೋಡೆಗೆ ಒರಗಿ ನಿಂತರೂ ಮೇಲೆ ತುಸು ಕೆಂಪಾಗುತ್ತವೆಯೇ ಹೊರತು ಕೆಡುವುದಿಲ್ಲ. ಅದೇ ಕಬ್ಬಿಣ ಘಟ್ಟ ಇಳಿದು ಮಡಗಾಂವಿಗೆ ಬಂದರೆ ಒಂದೇ ಮಳೆಗಾಲದಲ್ಲಿ ಪದರು ಪದರಾಗಿ ಏಳುತ್ತದೆ.

ಗೋವೆಯ ನೆಲಕ್ಕೂ ತುಕ್ಕಿಗೂ ಇನ್ನೊಂದು ನಂಟು ಇದೆ. ಮನೆಗಳ ಗೋಡೆಗೆ ಬಳಸುವ ಜಂಬಿಟ್ಟಿಗೆ ಕಲ್ಲು ಕೆಂಪಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳಿಂದ, ಅಂದರೆ ಆಮ್ಲಜನಕದೊಂದಿಗೆ ಕೂಡಿದ ಕಬ್ಬಿಣದಿಂದ. ಮಾಂಡೋವಿ ಮತ್ತು ಜುವಾರಿ ನದಿಗಳ ದೋಣಿಗಳಲ್ಲಿ ಮುರ್ಮುಗೋವಾ ಬಂದರಿಗೆ ಸಾಗಿ, ಜಪಾನಿಗೂ ಮುಂದೆ ಚೀನಕ್ಕೂ ಹೋಗುತ್ತಿದ್ದ ಅದಿರು ಕೂಡ ಅದೇ ಜಾತಿಯ ವಸ್ತು. ಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಬಿಡಿಸಿದರೆ ಕಬ್ಬಿಣ ದೊರೆಯುತ್ತದೆ. ತುಕ್ಕು ಹಿಡಿಯುವಾಗ ಆ ಕಬ್ಬಿಣ ಮತ್ತೆ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. 2012ರಲ್ಲಿ ಗಣಿಗಾರಿಕೆ ನಿಂತ ಮೇಲೆ ನದಿಯ ದಡಗಳಲ್ಲಿ ಕಟ್ಟಿ ಹಾಕಿದ ಅದಿರಿನ ದೋಣಿಗಳೇ ಕೆಂಪಾಗುತ್ತ ನಿಂತದ್ದನ್ನು ಗೋವೆಯ ಜನ ಕಂಡಿದ್ದಾರೆ. ಆದ್ದರಿಂದ ಈ ಊರಿನಲ್ಲಿ ತುಕ್ಕು ತೆಗೆಯುವ ಕೆಲಸವನ್ನು ಕೊಳೆ ತೊಳೆಯುವ ಕೆಲಸವೆಂದು ಭಾವಿಸುವುದು ತಪ್ಪಾಗುತ್ತದೆ; ಅದು ಲೋಹವು ಅದಿರಾಗಿ ಹಿಂತಿರುಗುವುದನ್ನು ಕೆಲಕಾಲ ತಡೆದು ನಿಲ್ಲಿಸುವ ಕೆಲಸ.

ಆ ಕೆಲಸವನ್ನು ಅಡಿಗೆಮನೆಯ ಹುಳಿಯಿಂದಲೇ ನಡೆಸುತ್ತಿದ್ದ ದುರಸ್ತಿ ಅಂಗಡಿಯೊಂದು 1980ರ ದಶಕದ ಆರಂಭದಲ್ಲಿ ಮಡಗಾಂವಿನ ಹಳೆಯ ರೈಲು ನಿಲ್ದಾಣದ ಸಮೀಪದಲ್ಲಿತ್ತು. ಪ್ರಸ್ತುತ ಲೇಖಕನ ಬಾಲ್ಯದ ಕೆಲವು ವರ್ಷಗಳು ಅಲ್ಲಿ ಕಳೆದವು. ಅವು ಮತ್ತೆ ಕಣ್ಣೆದುರು ಬರಲು ಕಾರಣವಾದದ್ದು ಇತ್ತೀಚೆಗೆ ಬೊರ್ಡಾ ಭಾಗದಲ್ಲಿ ಕೆಡವಿದ ಹಳೆಯ ಮನೆಯೊಂದರಿಂದ ದೊರೆತ ಒಂದು ಚೀಲ ಕಬ್ಬಿಣ: ಬಾಗಿಲಿನ ತಿರುಗಣಿಗಳು, ಅಗುಳಿಗಳು, ಚಿಪ್ಪಿನ ಹಾಳೆ ಕೂರಿಸಿದ ಕಿಟಕಿಗಳ ಕೊಂಡಿಗಳು, ಮತ್ತು ಕಾಲಿನಿಂದ ತುಳಿಯುವ ಸಿಂಗರ್ ಹೊಲಿಗೆ ಯಂತ್ರವೊಂದರ ಬಿಡಿ ಭಾಗಗಳು. ಬೊರ್ಡಾ ಎಂದರೆ ಏಳು ಮಾಡಿನ ಮನೆಯೆಂದು ಹೆಸರಾದ, ಈಗ ಮೂರೇ ಮಾಡುಗಳು ಉಳಿದಿರುವ ಹದಿನೆಂಟನೆಯ ಶತಮಾನದ ಮಹಲು ಇರುವ ಕೇರಿ. ಅಂಥ ದೊಡ್ಡ ಮನೆಗಳಿಗೆ ಕಾಪಾಡುವವರು ಹೇಗೋ ಸಿಗುತ್ತಾರೆ. ಅವುಗಳ ಸುತ್ತಲಿನ ಸಾಧಾರಣ ಮನೆಗಳು ಬಿದ್ದು ಬಹುಮಹಡಿ ಕಟ್ಟಡಗಳಾಗುತ್ತಿವೆ, ಅವುಗಳ ಬಾಗಿಲಿನ ಕಬ್ಬಿಣ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿದೆ.

ಉತ್ತರ ಕರ್ನಾಟಕದಿಂದ ಗೋವೆಗೆ ದುಡಿಮೆ ಹುಡುಕಿ ಬಂದವರ ಕಥೆಯಲ್ಲಿ ಈ ಅಂಗಡಿಗೆ ಒಂದು ಸಣ್ಣ ಸ್ಥಾನವಿದೆ. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ ಮೇಲೆ ರಸ್ತೆ, ಸೇತುವೆ, ಕಚೇರಿ, ಮನೆಗಳ ನಿರ್ಮಾಣ ಹೆಚ್ಚಿತು. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆಯ ಕುಟುಂಬಗಳು ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ, ಕುಳೆಂ ಮಾರ್ಗದ ಮೀಟರ್ ಗೇಜ್ ರೈಲಿನಲ್ಲಿ ಇಳಿದು ಬಂದು ವಾಸ್ಕೋ, ಮಡಗಾಂವ್ ಮತ್ತು ಗಣಿಯ ಊರುಗಳಲ್ಲಿ ನೆಲೆ ನಿಂತವು. ಪೋರ್ಚುಗೀಸರ ಬಂದರನ್ನು ಬ್ರಿಟಿಷ್ ಭಾರತಕ್ಕೆ ಜೋಡಿಸಲು 1880ರ ದಶಕದಲ್ಲಿ ಹಾಕಿದ ಹಳಿ, ನೂರು ವರ್ಷದ ಬಳಿಕ ಒಣಭೂಮಿಯ ಕೂಲಿಗಳನ್ನು ಕಡಲಿಗೆ ತಲುಪಿಸುತ್ತಿತ್ತು. ಲೇಖಕನ ತಂದೆ ಗದಗ ಸೀಮೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಕಟ್ಟಡದ ಕೆಲಸ ಊರಿಂದೂರಿಗೆ ಸರಿಯುವಂಥದ್ದಾದ್ದರಿಂದ, ಹನ್ನೆರಡರ ಹರೆಯದ ಮಗನನ್ನು ಒಂದೇ ಕಡೆ ನಿಲ್ಲಿಸಬೇಕೆಂದು ಸೈಕಲ್ಲು ಮತ್ತು ಹೊಲಿಗೆ ಯಂತ್ರ ರಿಪೇರಿಯ ಆ ಅಂಗಡಿಯಲ್ಲಿ ಬಿಟ್ಟರು.

ಅಂಗಡಿಯ ಯಜಮಾನನನ್ನು ಎಲ್ಲರೂ ಮೇಸ್ತ ಎನ್ನುತ್ತಿದ್ದರು. ಮೇಸ್ತ ಎಂದರೆ ಕೊಂಕಣಿಯಲ್ಲಿ ಕಸುಬು ಬಲ್ಲವನು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿದ್ದದ್ದು ಆತನ ತಾಯಿ ಒಬ್ಬರೇ. ಹುಡುಗನಿಗೆ ಅವರು ಮಾಯ್, ಅವರಿಗೆ ಹುಡುಗ ಪುತಾ. ಬ್ರೆಡ್ಡು ಮಾರುವ ಪೊದೇರರ ಸೈಕಲ್ಲುಗಳು, ದರ್ಜಿಗಳ ಯಂತ್ರಗಳು, ತೆಂಗಿನ ಕಾಯಿ ತುರಿಯುವ ಆದೊಳಿ ಎಂಬ ಮೆಟ್ಟುಮಣೆಯ ಅಲಗುಗಳು, ಕಳ್ಳು ಇಳಿಸುವವರ ಕತ್ತಿಗಳು ಮಳೆ ನಿಂತ ಮೇಲೆ ಗುಂಪಾಗಿ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಮುರಿದು ಬಂದವಲ್ಲ, ತುಕ್ಕಿನಿಂದ ಕಚ್ಚಿಕೊಂಡು ಬಂದವು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಬೋಲ್ಟು ಮತ್ತು ನಟ್ಟಿನ ಎಳೆಗಳ ನಡುವೆ ಹಾಗೆ ಉಬ್ಬಿದಾಗ ಪಾನಾ ಹಾಕಿ ತಿರುಗಿಸಿದರೆ ತಲೆ ಮುರಿಯುತ್ತದೆಯೇ ಹೊರತು ಬೋಲ್ಟು ಬಿಚ್ಚುವುದಿಲ್ಲ. ಅಂಥವನ್ನು ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಬಿಚ್ಚಿ, ಬಿಡಿ ಭಾಗಗಳನ್ನು ಮಣ್ಣಿನ ಮಡಕೆಯ ಹುಳಿಗೆ ಹಾಕುವುದು ಹುಡುಗನ ಪಾಲಿನ ಕೆಲಸವಾಗಿತ್ತು.

ಮಡಕೆಗೆ ಯಾವ ಹುಳಿ ಎಂಬುದನ್ನು ಹಿತ್ತಲು ತೀರ್ಮಾನಿಸುತ್ತಿತ್ತು. ಬಿಂಬ್ಲಿ ಮರದ ಕಾಂಡಕ್ಕೇ ಗೊಂಚಲಾಗಿ ಅಂಟಿಕೊಂಡು ಬಿಡುವ ಹಸಿರು ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ. ಈ ಆಮ್ಲವು ಕಬ್ಬಿಣದ ಕಣವನ್ನು ತನ್ನ ತೋಳುಗಳ ನಡುವೆ ಹಿಡಿದು ನೀರಿನಲ್ಲಿ ಕರಗುವ ಸಂಯುಕ್ತವನ್ನಾಗಿ ಮಾಡುತ್ತದೆ, ಇದನ್ನು ರಸಾಯನಶಾಸ್ತ್ರದಲ್ಲಿ ಕೀಲೇಷನ್ ಎನ್ನುತ್ತಾರೆ. ಬಟ್ಟೆಯ ಮೇಲಿನ ತುಕ್ಕಿನ ಕಲೆಗೆ ಬಿಂಬ್ಲಿ ಉಜ್ಜುವ ರೂಢಿಯ ಹಿಂದೆ ಇರುವುದೂ ಇದೇ ಗುಣ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಹಿತ್ತಾಳೆ ಮತ್ತು ತಾಮ್ರದ ಪಾತ್ರೆ ಬೆಳಗುವುದಕ್ಕೆ ಗದಗಿನ ಮನೆಗಳಲ್ಲಿಯೂ ಅದೇ ಬಳಕೆಯಾದ್ದರಿಂದ ಹುಡುಗನಿಗೆ ಪರಿಚಿತವಾಗಿದ್ದ ಹುಳಿ ಅದೊಂದೇ. ತೆಂಗಿನ ಕಳ್ಳನ್ನು ಹುಳಿಯಲು ಬಿಟ್ಟು ಮಾಡಿದ ವಿನೆಗರ್ ಮಡಗಾಂವ್ ಸೇರಿರುವ ಸಾಲ್ಸೆಟ್ ತಾಲ್ಲೂಕಿನ ಕ್ರೈಸ್ತರ ಅಡಿಗೆಮನೆಯಲ್ಲಿ ಸದಾ ಇರುತ್ತಿತ್ತು. ಅದರ ಅಸಿಟಿಕ್ ಆಮ್ಲ ಮೆತ್ತಗಿನದು, ತೆಳುವಾದ ತುಕ್ಕಿಗೆ ಒಂದು ರಾತ್ರಿ ಸಾಕು, ದಪ್ಪ ಪದರಿಗೆ ಸಾಲದು. ನಮ್ಮ ಮಲೆನಾಡಿನವರು ಮುರುಗಲು ಎಂದೂ ತುಳುವರು ಪುನರ್ಪುಳಿ ಎಂದೂ ಕರೆಯುವ ಹಣ್ಣಿನಿಂದ ಗೋವೆಯಲ್ಲಿ ತೆಗೆಯುವ ಆಗಳ್ ಎಂಬ ಗಟ್ಟಿ ರಸ ಇವೆಲ್ಲಕ್ಕಿಂತ ಬೇಗ ಕೆಲಸ ಮಾಡುತ್ತಿತ್ತು, ಅವಸರದ ಗಿರಾಕಿ ಬಂದಾಗ ಮೇಸ್ತ ಕೇಳುತ್ತಿದ್ದದ್ದು ಅದನ್ನೇ.

ಆಗಳ್ ಬೇಗ ಕೆಲಸ ಮಾಡುತ್ತಿದ್ದದ್ದರ ಗುಟ್ಟು ಅರ್ಧ ಅದರ ಹುಳಿಯಲ್ಲಿ, ಅರ್ಧ ಅದು ಕೆಡದಿರಲೆಂದು ಬೆರೆಸುವ ಉಪ್ಪಿನಲ್ಲಿತ್ತು. ಹುಳಿಯ ಜತೆ ಉಪ್ಪು ಸೇರಿದರೆ ತುಕ್ಕು ಬೇಗ ಬಿಡುತ್ತದೆ, ಲೋಹವೂ ಬೇಗ ಬೆಳ್ಳಗಾಗುತ್ತದೆ. ನಿಂಬೆಹಣ್ಣಿನ ಹೋಳಿಗೆ ಉಪ್ಪು ಸವರಿ ಉಜ್ಜುವವರು ಇಂದಿಗೂ ಇರುವುದು ಈ ಕಾರಣಕ್ಕೆ. ಆದರೆ ಉಪ್ಪಿನ ಕ್ಲೋರೈಡ್ ಕಣಗಳು ಲೋಹದ ಸಣ್ಣ ಕುಳಿಗಳ ಒಳಗೆ ಉಳಿದುಬಿಟ್ಟರೆ, ಹೊಸದಾಗಿ ಹುಟ್ಟುವ ತುಕ್ಕು ಅಕಗನೈಟ್ ಎಂಬ ಬಗೆಯದಾಗಿ, ಕ್ಲೋರೈಡನ್ನು ತನ್ನೊಳಗೇ ಹಿಡಿದಿಟ್ಟುಕೊಂಡು ಒಳಗಿನಿಂದ ಕೊರೆಯುತ್ತ ಹೋಗುತ್ತದೆ. ಕಡಲ ತೀರದ ಕಬ್ಬಿಣದಲ್ಲಿ ಈ ಕ್ಲೋರೈಡ್ ಗಾಳಿಯಿಂದಲೇ ಬಂದು ಸೇರಿರುತ್ತದೆ, ಅದರ ಮೇಲೆ ಆಗಳಿನ ಉಪ್ಪೂ ಬಿದ್ದರೆ ಹೇಳುವುದೇ ಬೇಡ. ಬೆಳಿಗ್ಗೆ ಬೆಳ್ಳಿಯಾಗಿ ಹೋದ ಸೈಕಲ್ಲಿನ ಚೈನು ವಾರ ಕಳೆಯುವುದರೊಳಗೆ ಕೆಂಪಾಗಿ ಹಿಂತಿರುಗಬೇಕಾಗಿತ್ತು. ಈ ಅಂಗಡಿಯ ಚೈನುಗಳು ಹಾಗೆ ಹಿಂತಿರುಗುತ್ತಿರಲಿಲ್ಲ ಎಂಬ ಖ್ಯಾತಿ ಮೇಸ್ತನಿಗೆ ಇತ್ತು.

ಆ ಖ್ಯಾತಿ ನ್ಯಾಯವಾಗಿ ಸಲ್ಲಬೇಕಾದದ್ದು ಮಾಯ್‌ಗೆ. ಹುಳಿಯಿಂದ ತೆಗೆದ ಭಾಗಗಳನ್ನು ಅವರು ಅಂಗಡಿಗೆ ನೇರವಾಗಿ ಹೋಗಗೊಡುತ್ತಿರಲಿಲ್ಲ. ಹಿತ್ತಲಿನ ಕಲ್ಲಿನ ಬಳಿ ಅವಕ್ಕೆ ಮೂರು ನೀರು ಆಗಬೇಕಿತ್ತು. ಮೊದಲನೆಯದು ಒಲೆಯ ಬೂದಿಯನ್ನು ಕಲಕಿ ತಿಳಿಯಾಗಲು ಬಿಟ್ಟ ನೀರು; ಅದರಲ್ಲಿ ಭಾಗಗಳು ರಾತ್ರಿಯಿಡೀ ಮುಳುಗಿರಬೇಕು. ಎರಡನೆಯದು ಬಾವಿಯ ನೀರು, ಅದನ್ನು ಹಲವು ಸಲ ಚೆಲ್ಲಿ ಹೊಸದಾಗಿ ತುಂಬಬೇಕು. ಮೂರನೆಯದು ಕುದಿಯುವ ನೀರು. ಕುದಿ ನೀರಿನಿಂದ ತೆಗೆದ ಲೋಹ ತನ್ನ ಬಿಸಿಗೆ ತಾನೇ ಒಣಗುತ್ತದೆ. ಅದು ತಣ್ಣಗಾಗುವ ಮುನ್ನ ಒಲೆಯ ಪಕ್ಕದ ಬೆಚ್ಚನೆಯ ಬೂದಿಯ ಬಳಿ ಹರಡಿ, ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಎಣ್ಣೆಯ ಬಟ್ಟೆ ಆಡಿಸಬೇಕು. ಹುಡುಗ ಬೇಸರದಿಂದ ಎರಡನೆಯ ನೀರನ್ನು ಬೇಗ ಮುಗಿಸಲು ನೋಡಿದರೆ, ಅಡಿಗೆಮನೆಯ ಕಿಟಕಿಯಿಂದ ಒಂದೇ ಮಾತು ಬರುತ್ತಿತ್ತು: “ಪುತಾ, ಇನ್ನೂ ಒಂದು ನೀರು.”

ಬೂದಿಯ ನೀರು ಕ್ಷಾರ, ಅಂದರೆ ಹುಳಿಗೆ ಎದುರಾದ ಗುಣವುಳ್ಳದ್ದು. ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಸಿಯಮ್ ಕಾರ್ಬೊನೇಟಿನಿಂದ ಆ ಗುಣ ಬರುತ್ತದೆ. ಅದು ಉಳಿದ ಆಮ್ಲವನ್ನು ತಣಿಸುತ್ತದೆ ಎಂಬುದು ಸುಲಭವಾಗಿ ಕಾಣುವ ಪ್ರಯೋಜನ. ಇನ್ನೊಂದು ಪ್ರಯೋಜನ ಇದಕ್ಕಿಂತ ದೊಡ್ಡದು: ಕ್ಷಾರದ ನೀರಿನಲ್ಲಿ ಮುಳುಗಿರುವಷ್ಟು ಹೊತ್ತು ಕಬ್ಬಿಣಕ್ಕೆ ಹೊಸ ತುಕ್ಕು ಹಿಡಿಯುವುದು ಬಹಳ ಕಡಿಮೆಯಾಗಿ, ಕುಳಿಗಳಲ್ಲಿ ಅಡಗಿದ ಕ್ಲೋರೈಡ್ ಮಾತ್ರ ನಿಧಾನವಾಗಿ ಹೊರಗೆ ಬರುತ್ತದೆ. ಮುಳುಗಿದ ಹಡಗುಗಳಿಂದ ಎತ್ತಿದ ಫಿರಂಗಿ, ಲಂಗರುಗಳನ್ನು ವಸ್ತುಸಂಗ್ರಹಾಲಯಗಳ ಸಂರಕ್ಷಕರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸೋಡಿಯಂ ಹೈಡ್ರಾಕ್ಸೈಡಿನ ತೊಟ್ಟಿಯಲ್ಲಿ ಇಟ್ಟು ನೀರು ಬದಲಿಸುತ್ತ ಹೋಗುವುದು ಇದೇ ತತ್ತ್ವದ ಮೇಲೆ. ಮಾಯ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೀನು ಕೊಯ್ದ ಅಲಗನ್ನು, ಹುಳಿ ಬೇಯಿಸಿದ ಪಾತ್ರೆಯನ್ನು ಜೀವಮಾನವಿಡೀ ತೊಳೆದ ಕೈಗಳು ಕಂಡುಕೊಂಡ ಕ್ರಮ ಅದು. ತುಕ್ಕು ತೆಗೆಯುವುದರ ಬಗ್ಗೆ ಈಗ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಯಾವ ಹುಳಿ, ಎಷ್ಟು ಹೊತ್ತು ಎಂಬಲ್ಲಿಗೆ ಮುಗಿಯುತ್ತವೆ. ಕೆಲಸದ ಹೆಚ್ಚಿನ ಪಾಲು ಅದರ ಅನಂತರ ಇದೆ. ಆ ಪಾಲು ಅಂಗಡಿಯ ಮುಂಭಾಗದಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ, ಕೂಲಿಯನ್ನೂ ಕೊಡಲಿಲ್ಲ.

ಆ ಅಂಗಡಿಯನ್ನು ಪ್ರೀತಿಯಿಂದ ನೆನೆಯುವಾಗ ಬಿಟ್ಟುಬಿಡಬಾರದ ಸಂಗತಿಗಳೂ ಇವೆ. ಹಿತ್ತಲಿನ ಹುಳಿ ಸಾಲದಾದಾಗ ಮ್ಯುರಿಯಾಟಿಕ್ ಆಸಿಡ್ ಎಂದು ಮಾರುವ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಹೊರಬರುತ್ತಿತ್ತು. ಕೈಗವಸಿಲ್ಲ, ಕನ್ನಡಕವಿಲ್ಲ; ಚೈನನ್ನು ತಂತಿಗೆ ಸಿಕ್ಕಿಸಿ ಅದ್ದುವವನು ಮಗುವೇ. ಬಾಟಲಿಯ ಹೊಗೆಗೆ ಕೆಮ್ಮು ಬರುತ್ತಿದ್ದದ್ದು ಒಂದು, ಆ ಹೊಗೆ ಕಪಾಟಿನಲ್ಲಿದ್ದ ಪಾನಾ, ಉಳಿ, ಅರಗಳ ಮೇಲೆ ಕುಳಿತು ಅವುಗಳಿಗೆಲ್ಲ ತುಕ್ಕು ಹಿಡಿಸುತ್ತಿದ್ದದ್ದು ಇನ್ನೊಂದು. ಆಸಿಡ್ಡಿನಲ್ಲಿ ತೊಳೆದ ಗಟ್ಟಿ ಉಕ್ಕಿನ ಸ್ಪ್ರಿಂಗುಗಳು ನೋಡಲು ಚೆನ್ನಾಗಿದ್ದು, ಕೂರಿಸಿದ ಕೆಲವು ದಿನಗಳಲ್ಲಿ ತಟ್ಟನೆ ಮುರಿಯುತ್ತಿದ್ದವು, ಮೇಸ್ತ ಕಂಪನಿಯನ್ನು ಬಯ್ಯುತ್ತಿದ್ದ. ಆಮ್ಲವು ಲೋಹವನ್ನು ತಿನ್ನುವಾಗ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನ ಒಳಕ್ಕೆ ನುಸುಳಿ ಅದನ್ನು ಪೆಡಸು ಮಾಡುತ್ತದೆ. ಕಂಪನಿಯ ಪಾಲು ಅದರಲ್ಲಿ ಇರಲಿಲ್ಲ. ಹೊಲಿಗೆ ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದದ್ದೂ ಸರಿಯಾದ ಪದ್ಧತಿಯಲ್ಲ. ಅದು 24 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಹೆಪ್ಪುಗಟ್ಟುತ್ತದೆ, ಹಳಸಿದಾಗ ಆಮ್ಲ ಬಿಡುತ್ತದೆ, ನೂಲಿನ ಧೂಳನ್ನು ಹಿಡಿದು ಜಿಡ್ಡಾಗುತ್ತದೆ. ಡಿಸೆಂಬರಿನ ಬೆಳಗುಗಳಲ್ಲಿ ದರ್ಜಿಗಳು ಯಂತ್ರ ಬಿಗಿಯಾಗಿದೆಯೆಂದು ದೂರುತ್ತ ಬರುತ್ತಿದ್ದದ್ದಕ್ಕೆ ಇದೇ ಕಾರಣ.

ಎಲ್ಲಕ್ಕಿಂತ ಭಾರವಾದದ್ದು ಶಾಲೆಯ ಮಾತು. ಹದಿನಾಲ್ಕರ ಒಳಗಿನ ಮಕ್ಕಳನ್ನು ಅಪಾಯದ ಉದ್ಯೋಗಗಳಿಂದ ದೂರವಿಡುವ ಕಾನೂನು ಬಂದದ್ದು 1986ರಲ್ಲಿ. ಮನೆಯ ಕಸುಬಿನಲ್ಲಿ ನೆರವಾಗುವುದೇ ಮೊದಲಾದ ಕೆಲವನ್ನು ಬಿಟ್ಟು ಎಲ್ಲ ಬಗೆಯ ದುಡಿಮೆಗೂ ಆ ನಿಷೇಧ ವಿಸ್ತರಿಸಿದ್ದು 2016ರ ತಿದ್ದುಪಡಿಯಿಂದ. ಅಂಗಡಿಯ ಹುಡುಗನಿಗೆ ಕಸುಬು ಬಂತು, ಮಧ್ಯಾಹ್ನದ ಅನ್ನ ಮೀನಿನ ಸಾರು ಸಿಕ್ಕಿತು, ಕೊಂಕಣಿ ಬಂತು. ಓದು ಹಲವು ವರ್ಷ ಹಿಂದೆ ಬಿತ್ತು. ಪೇಟೆಯಲ್ಲಿ ಘಾಟಿ, ಅಂದರೆ ಘಟ್ಟದ ಮೇಲಿನವನು, ಎಂದು ಹೀನಾಯವಾಗಿ ಕರೆಸಿಕೊಳ್ಳುತ್ತಿದ್ದ ಮಗುವಿಗೆ ಆ ಮನೆಯಲ್ಲಿ ಮಗನ ಸಲಿಗೆ ಇದ್ದದ್ದು ನಿಜ, ಸಂಬಳವೆಂಬುದು ಹಬ್ಬಕ್ಕೊಂದು ಅಂಗಿಯಾಗಿದ್ದದ್ದೂ ಅಷ್ಟೇ ನಿಜ. ಆ ಕಾಲದಲ್ಲಿ ಇದನ್ನು ಯಾರೂ ಅನ್ಯಾಯವೆನ್ನಲಿಲ್ಲ, ತಂದೆಯೂ ಎನ್ನಲಿಲ್ಲ. ಅನ್ಯಾಯ ಅದರಿಂದ ಕಡಿಮೆಯಾಗುವುದಿಲ್ಲ.

ಮುಂದಿನ ವರ್ಷಗಳಲ್ಲಿ ಸಾಧನಗಳೂ ಬದಲಾದವು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ದೊರೆಯುವ ಸಿಟ್ರಿಕ್ ಆಮ್ಲದ ಹರಳನ್ನು ಲೀಟರ್ ನೀರಿಗೆ 50 ಗ್ರಾಮಿನಂತೆ ಕರಗಿಸಿದರೆ, ಬಿಂಬ್ಲಿಯ ಕೆಲಸವನ್ನು ಅಳತೆ ತಪ್ಪದೆ ಮಾಡಿಕೊಡುತ್ತದೆ. ಕಬ್ಬಿನ ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ ವಾರಗಟ್ಟಲೆ ಮುಳುಗಿಸಿಡುವ ಪದ್ಧತಿ ಬಲು ನಿಧಾನ, ನಾತ ಕೂಡ ಹೆಚ್ಚು, ಆದರೆ ಅದು ತುಕ್ಕನ್ನು ಕರಗಿಸುವಷ್ಟು ಸುಲಭವಾಗಿ ಒಳಗಿನ ಲೋಹವನ್ನು ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದಕ್ಕೆ ಹಾಕಬಾರದು. ಸವೆತಕ್ಕೆ ಅತಿ ಕಡಿಮೆ ಅವಕಾಶ ಕೊಡುವುದು ವಿದ್ಯುದ್ವಿಭಜನೆ, ಅಂದರೆ ದ್ರಾವಣದ ಮೂಲಕ ವಿದ್ಯುತ್ ಹರಿಸುವ ಕ್ರಮ: ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕರಗಿಸಿದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತುಕ್ಕಿನ ಭಾಗವನ್ನು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತುದಿಗೂ ಬೇಡದ ಕಬ್ಬಿಣದ ಪಟ್ಟಿಯೊಂದನ್ನು ಧನ ತುದಿಗೂ ಕಟ್ಟಿ ಇಡುತ್ತಾರೆ. ಪಟ್ಟಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿಯಾದ ಕ್ರೋಮಿಯಂ ನೀರಿಗಿಳಿಯುತ್ತದೆ, ಸೋಡಾದ ಬದಲು ಅಡಿಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹೇಗೆ ಮಾಡಿದರೂ ಹೈಡ್ರೋಜನ್ ಹುಟ್ಟುವುದರಿಂದ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಆಗಬೇಕು.

ಮೀಟರ್ ಗೇಜ್ ಹಳಿ ಹೋಗಿ ಬ್ರಾಡ್ ಗೇಜ್ ಬಂತು, 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡು ಮಡಗಾಂವ್ ದೊಡ್ಡ ಜಂಕ್ಷನ್ನಾಯಿತು. ಮೇಸ್ತನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಫೋನಿನ ಕವರುಗಳು ತೂಗುತ್ತಿವೆ. ಪೊದೇರರಲ್ಲಿ ಹಲವರು ಇನ್ನೂ ಸೈಕಲ್ಲಿನ ಮೇಲೆಯೇ ಬರುತ್ತಾರೆ, ಆದರೆ ತುಕ್ಕು ಹಿಡಿದ ಚೈನನ್ನು ತೊಳೆಯುವ ಕೂಲಿಯಲ್ಲಿ ಹೊಸ ಚೈನು ಬರುವಾಗ ಅದನ್ನು ತೊಳೆಸುವವರಿಲ್ಲ. ಇದು ದುಃಖಪಡಬೇಕಾದ ಬದಲಾವಣೆಯೇನಲ್ಲ. ಸೈಕಲ್ಲಿನ ಚೈನು ಸವೆಯುವ ಸಾಮಾನು, ಬದಲಿಸುವುದೇ ಸರಿ. ಬೊರ್ಡಾದ ಚೀಲದಲ್ಲಿದ್ದ ತಿರುಗಣಿಗಳ ವಿಷಯ ಬೇರೆ. ಕಮ್ಮಾರನು ಕಾಸಿ ಬಡಿದ ಆ ಕಬ್ಬಿಣದ ಅಳತೆ ಅದೇ ಬಾಗಿಲಿಗೆ, ಅದೇ ಚೌಕಟ್ಟಿಗೆ ಕೂತದ್ದು; ಅಂಥದ್ದು ಮತ್ತೆ ಪೇಟೆಯಲ್ಲಿ ಸಿಗುವುದಿಲ್ಲ.

ಆ ಚೀಲದ ಹೆಚ್ಚಿನ ಭಾಗ ನಿಂಬೆ ಉಪ್ಪಿನಲ್ಲಿ ಚೊಕ್ಕವಾಯಿತು, ಮೂರೂ ನೀರು ಕಂಡಿತು. ಬೂದಿಯ ಬದಲು ವಾಷಿಂಗ್ ಸೋಡಾ, ಒಲೆಯ ಬದಲು ಮಾರ್ಚಿನ ಬಿಸಿಲು. ಹೊಲಿಗೆ ಯಂತ್ರದ ಷಟಲ್ಲು ಮತ್ತು ಬಾಬಿನ್ ಕೇಸಿಗೆ ಹುಳಿಯನ್ನು ಮುಟ್ಟಿಸದೆ, ಅವುಗಳ ತುಕ್ಕನ್ನು ಸೀಮೆಎಣ್ಣೆ ಮತ್ತು ಯಂತ್ರದ ಎಣ್ಣೆಯಿಂದಷ್ಟೇ ಬಿಡಿಸಲಾಯಿತು, ಏಕೆಂದರೆ ಅಲ್ಲಿ ಕೂದಲೆಳೆಯಷ್ಟು ಸವೆದರೂ ಹೊಲಿಗೆ ತಪ್ಪುತ್ತದೆ. ಉಳಿದದ್ದು ಅಡಿಗೆಮನೆಯ ಹಿಂಬಾಗಿಲಿನ ಎರಡು ತಿರುಗಣಿಗಳು. ಅವುಗಳಲ್ಲಿ ಲೋಹವೆಂಬುದು ನಡುವೆ ತೆಳುವಾದ ಎಲೆಯಷ್ಟು ಇದ್ದು, ಆಕಾರವನ್ನೆಲ್ಲ ಹಿಡಿದು ನಿಲ್ಲಿಸಿರುವುದು ತುಕ್ಕೇ ಆಗಿದೆ. ಹುಳಿಗೆ ಹಾಕಿದರೆ ಮಡಕೆಯ ತಳದಲ್ಲಿ ಚೂರುಗಳಷ್ಟೇ ಸಿಗುತ್ತವೆ. ಇಂಥವಕ್ಕೆ ಟ್ಯಾನಿನ್ನಿನ ಮದ್ದು ತಕ್ಕದ್ದು. ಟ್ಯಾನಿನ್ ಎಂದರೆ ಚಹಾ, ಅಳಲೆಕಾಯಿ, ಗೇರುಹಣ್ಣುಗಳಲ್ಲಿರುವ ಒಗರಿನ ಅಂಶ. ಅದು ತುಕ್ಕನ್ನು ಕರಗಿಸದೆ ಅದರೊಂದಿಗೆ ಕೂಡಿ, ಹಳೆಯ ಕಾಲದ ಬರವಣಿಗೆಯ ಮಸಿಯಲ್ಲಿ ಇದ್ದಂಥ ನೀಲಿಗಪ್ಪು ಸಂಯುಕ್ತವಾಗಿ ಮೇಲ್ಮೈಯನ್ನು ಬಿಗಿಯುತ್ತದೆ. ಕ್ಲೋರೈಡ್ ಹೋಗುವಷ್ಟು ಹೊತ್ತು ಸೋಡಾದ ನೀರಿನಲ್ಲಿಟ್ಟು, ತೊಳೆದು ಒಣಗಿಸಿ, ಗಟ್ಟಿಯಾಗಿ ಬತ್ತಿಸಿದ ಚಹಾದ ಕಷಾಯವನ್ನು ಕುಂಚದಿಂದ ಹಲವು ಬಾರಿ ಬಳಿದು, ಕೊನೆಗೆ ಬಿಸಿ ಮಾಡಿದ ಜೇನುಮೇಣವನ್ನು ಸವರಿದರೆ ಅವು ಮಳೆಗಾಲವನ್ನು ತಾಳಬಲ್ಲವು. ಮತ್ತೆ ಬಾಗಿಲಿನ ಭಾರ ಹೊರುವ ಶಕ್ತಿ ಅವುಗಳಿಗಿಲ್ಲ, ಹೊರಿಸುವ ಪ್ರಯತ್ನವನ್ನೂ ಮಾಡಬಾರದು.